ನೆರೆ ಇಳಿದ ಮೇಲಿನ ಕೆಲಸ: ಊರಿನ ಹುಡುಗ್ರು ಏನೇನು ಮಾಡ್ಬಹುದು, ಹೇಗೆ?

ನೆರೆ ಬಂದ್ರೆ ಊಟ, ಕಂಬಳಿ ಹಂಚೋಕೆ ನಮ್ಮಲ್ಲಿ ಜನಕ್ಕೆ ಬರ ಇಲ್ಲ, 2019ರ ಆಗಸ್ಟಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ್ಲೂ ಅದನ್ನ ನೋಡಿದ್ವಿ. ಆದ್ರೆ ನೀರು ಇಳಿದ ಮೇಲೆ ಶುರುವಾಗೋ ವಾಂತಿ-ಭೇದಿ, ಇಲಿ ಜ್ವರ ಇದಾವಲ್ಲ, ಅದಕ್ಕೆ ಮೊದಲೇ ತಯಾರಾಗಿರೋರು ಕಮ್ಮಿ. ಈ ಕೆಲಸಕ್ಕೆ ಡಾಕ್ಟ್ರೇ ಆಗಿರ್ಬೇಕು ಅಂತೇನಿಲ್ಲ.

ಮೊದಲು ನಿಮ್ಮೂರಿನ ಆಶಾ ಅಕ್ಕನ (ಆರೋಗ್ಯ ಇಲಾಖೆಯ ಆಶಾ ಕಾರ್ಯಕರ್ತೆ) ಹತ್ರ ಹೋಗಿ ಕೂತ್ಕೊಂಡು ಮಾತಾಡಿ. ಬೇರೆ ಸಂಘ, ಬೇರೆ ವಾಟ್ಸಾಪ್ ಗ್ರೂಪ್ ಅಂತ ಕಟ್ಟೋಕೆ ಹೋಗ್ಬೇಡಿ, ಯಾವ ಮನೇಲಿ ಯಾರಿಗೆ ಏನು ಅಂತ ಅವ್ರಿಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿರಲ್ಲ. ಮಲೆನಾಡಲ್ಲಿ ಮನೆಗಳು ಒಂದು ಕಡೆ ಇರಲ್ಲ, ತೋಟದ ಆಚೆ ಒಂದು, ಗುಡ್ಡದ ಬುಡದಲ್ಲಿ ಒಂದು, ಹಾಗಾಗಿ ಆರಿದ್ರಾ ಮಳೆ ಹಿಡಿಯೋ ಮೊದಲೇ ಅವರ ಜೊತೆ ಕೂತು ಒಂದು ಪಟ್ಟಿ ಮಾಡಿ: ಗರ್ಭಿಣಿ, ಬಾಣಂತಿ, ಹಾಸಿಗೆ ಹಿಡಿದೋರು, ಡಯಾಲಿಸಿಸ್‌ಗೆ ಹೋಗೋರು, ಬಿಪಿ-ಶುಗರ್ ಮಾತ್ರೆ ತಪ್ಪಿಸಬಾರದವರು, ಯಾವ ಮನೆಗೆ ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿಯೇ ಹೋಗ್ಬೇಕು, ಯಾವ ಮನೆ ಹಿಂದೆ ಧರೆ (ಕಡಿದಾದ ಮಣ್ಣಿನ ದಿಬ್ಬ) ಇದೆ, ರಾತ್ರಿ ಕರೆದ್ರೆ ಜೀಪ್ ತರೋರು ಯಾರು. ಪೇಪರ್ ಮೇಲೆ ಬರೀರಿ, ಕರೆಂಟ್ ಹೋದ್ರೆ ನೆಟ್‌ವರ್ಕೂ ಹೋಗುತ್ತೆ. ಹೆರಿಗೆ ದಿನ ಹತ್ರ ಇರೋರನ್ನ ಮಳೆ ಜೋರಾಗೋ ಮೊದ್ಲೇ ಪೇಟೆಯ ನೆಂಟರ ಮನೆಗೆ ಕಳಿಸೋಕೆ ಮನೆಯವರನ್ನ ಒಪ್ಸಿ. ಆಂಬುಲೆನ್ಸ್‌ಗೆ 108, ಆರೋಗ್ಯ ಸಲಹೆಗೆ 104, ಜಿಲ್ಲಾ ಕಂಟ್ರೋಲ್ ರೂಮಿಗೆ 1077, ಇದನ್ನೂ ಅದೇ ಹಾಳೇಲಿ ಬರೆದಿಡಿ.

ಇನ್ನು ಬಾವಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ನೆರೆ ನೀರು ನುಗ್ಗಿದ ಬಾವಿ ನೀರನ್ನ ಪಂಪ್ ಹಚ್ಚಿ ಖಾಲಿ ಮಾಡಿ ಕೆಸರು ತೆಗೀರಿ, ಹೊಸ ನೀರು ತಿಳಿಯಾಗ್ಲಿ. ಆಮೇಲೆ ಅಡಿ ಲೆಕ್ಕದಲ್ಲಿ ಅಳತೆ ತಗೊಳ್ಳಿ: ಬಾವಿ ಅಗಲವನ್ನ ಅಗಲದಿಂದ್ಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 22ರಿಂದ ಗುಣಿಸಿದ್ರೆ ಹೆಚ್ಚುಕಮ್ಮಿ ಎಷ್ಟು ಲೀಟರ್ ಅಂತ ಸಿಗುತ್ತೆ. 6 ಅಡಿ ಅಗಲ, 10 ಅಡಿ ನೀರು ಇದ್ರೆ ಸುಮಾರು 8,000 ಲೀಟರ್. ಮಾಮೂಲಿಗೆ 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್, ನೆರೆ ನುಗ್ಗಿದ್ರೆ ಅದರ ಎರಡರಷ್ಟು, ಅಂದ್ರೆ ಈ ಬಾವಿಗೆ 40 ಗ್ರಾಂ. ಕಣ್ಣಂದಾಜು ಬೇಡ, ಕಿರಾಣಿ ಅಂಗಡೀಲಿ ತೂಗಿಸ್ಕೊಳ್ಳಿ. ಪ್ಯಾಕೆಟ್ ಹಳೇದಾಗಿ ಘಾಟು ಹೋಗಿದ್ರೆ ಅದನ್ನ ಹಾಕಿ ಪ್ರಯೋಜನ ಇಲ್ಲ.

ಪೌಡರನ್ನ ನೇರ ಬಾವಿಗೆ ಸುರೀಬೇಡಿ. ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಟ್ರೆ ಸುಣ್ಣ ತಳಕ್ಕೆ ಕೂರುತ್ತೆ. ಮೇಲಿನ ತಿಳಿ ಮಾತ್ರ ಇನ್ನೊಂದು ಬಕೆಟ್‌ಗೆ ಬಸಿದು, ಹಗ್ಗ ಕಟ್ಟಿ ಬಾವಿ ನೀರೊಳಗೆ ಇಳಿಸಿ ಮೇಲೆ-ಕೆಳಗೆ ಚೆನ್ನಾಗಿ ಆಡಿಸಿ. ಒಂದು ಗಂಟೆ ಯಾರೂ ನೀರು ಸೇದಬಾರದು. ಆಮೇಲೂ ಕುಡಿಯೋಕೆ ಕುದಿಸಿದ ನೀರೇ ಆಗ್ಲಿ.

ಕಾಳಜಿ ಕೇಂದ್ರದಲ್ಲಿ (ನೆರೆ ಸಂತ್ರಸ್ತರು ಉಳ್ಕೊಳ್ಳೋ ಜಾಗ) ಯಾರಿಗಾದ್ರೂ ಭೇದಿ ಶುರುವಾದ್ರೆ ಓಆರ್‌ಎಸ್ ಕೊಡಿ, ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ. ಪ್ಯಾಕೆಟ್ ಇಲ್ಲದಿದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸ. ಒಂದೇ ದಿನ ಎರಡು-ಮೂರು ಜನಕ್ಕೆ ಭೇದಿ ಆದ್ರೆ ಕಾಯ್ಬೇಡಿ, ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ) ಫೋನ್ ಮಾಡಿ.

ನೀರು ಇಳಿದ ಮೇಲೆ ಒಂದು ತಿಂಗಳು ಅದೇ ಪಟ್ಟಿ ಹಿಡ್ಕೊಂಡು ಮನೆಮನೆಗೆ ಹೋಗ್ತಾ ಇರಿ. ಗದ್ದೆ ಕೆಸರಲ್ಲಿ ನಿಂತೋರಿಗೆ, ಕೊಟ್ಟಿಗೆ ತೊಳೆದೋರಿಗೆ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು ಅಂದ್ರೆ ಇಲಿ ಜ್ವರ ಇರ್ಬಹುದು, ನೆಗಡಿ-ಜ್ವರ ಅಂತ ಕಷಾಯ ಕುಡಿಸ್ತಾ ಕೂರೋದು ಬೇಡ. ಮಾತ್ರೆ ನೀವಾಗೇ ಹಂಚ್ಬೇಡಿ, ಅದು ಡಾಕ್ಟ್ರು ಹೇಳ್ಬೇಕಾದ್ದು. ಪಿಎಚ್‌ಸಿಗೆ ಕರ್ಕೊಂಡು ಹೋದಾಗ ಯಾವತ್ತು ನೀರಿಗೆ ಇಳಿದಿದ್ರು, ಕಾಲಲ್ಲಿ ಗಾಯ ಇತ್ತಾ ಅನ್ನೋದನ್ನ ಮರೀದೆ ಹೇಳಿ.