ಗಣಪತಿ ಪೆಂಡಾಲ್‌ನಾಗ ಡೀಲ್ ಆರ್ ನೋ ಡೀಲ್ ಆಡಿಸೋದು ಹ್ಯಾಂಗ

ಈ ಸಲ ಗಣಪತಿ ಮುಂದ ಅದೇ ಮ್ಯೂಸಿಕಲ್ ಚೇರು, ಅದೇ ಲಿಂಬು-ಚಮಚ ಬ್ಯಾಡ, ಬ್ಯಾರೆ ಏನರ ಮಾಡಮು ಅನ್ನೋ ಕಲಬುರಗಿ ಕಾಲನಿ ಹುಡುಗರಿಗೆ ಇದು. ಟಿವಿದಾಗ ಬರ್ತಿತ್ತಲ್ಲ ಡೀಲ್ ಆರ್ ನೋ ಡೀಲ್, ಅದನ್ನ ಆಡಸ್ರಿ. ನೆದರ್ಲೆಂಡ್ಸ್‌ನಾಗ ಹುಟ್ಟಿದ ಆಟ, ಅಮೆರಿಕಾದಾಗ 26 ಸೂಟ್‌ಕೇಸ್ ಇಟ್ಟು ಆಡಿಸಿದ್ರು, ಇಂಗ್ಲೆಂಡ್‌ನಾಗ 22 ಡಬ್ಬಿ, ನಮ್ಮ ಕಡಿ 2005ರಾಗ ಸೋನಿ ಟಿವಿಗಿ ಮಾಧವನ್ ಹಿಂದಿದಾಗ ನಡಸ್ತಿದ್ರು. ಕ್ವಿಜ್ ಹಂಗ ಪ್ರಶ್ನೆನೇ ಇಲ್ಲ, ಹಂಗಾಗಿ ಸಾಲಿ ಮುಖ ನೋಡದ ಆಯಿನೂ ಆಡ್ಬಹುದು, ಇಂಜಿನಿಯರಿಂಗ್ ಓದೋ ಹುಡುಗನೂ ಆಡ್ಬಹುದು, ಇಬ್ಬರಿಗೂ ನಸೀಬು ಒಂದೇ ನಮೂನಿ.

ಆಟ ಇಷ್ಟೇ ಅದ. ಪ್ರತಿ ಡಬ್ಬಿದಾಗ ಒಂದೊಂದು ಮೊತ್ತದ ಚೀಟಿ, ಯಾವುದರಾಗ ಎಷ್ಟದ ಯಾರಿಗೂ ಗೊತ್ತಿಲ್ಲ. ಆಡೋರು ಒಂದು ಡಬ್ಬಿ ಆರಿಸಿ ತಮ್ಮ ಹತ್ರ ಇಟ್ಕೋತಾರ, ಅದನ್ನ ತೆರಿಂಗಿಲ್ಲ. ಉಳಿದಿದ್ದನ್ನ ಒಂದೊಂದೇ ತೆರಸ್ತಾ ಹೋಗ್ಬೇಕು, ನಡುನಡುವ ಬ್ಯಾಂಕರ್, ಅಂದ್ರ ಆಡಿಸೋರ ಕಡಿಂದ ಆಫರ್ ಕೊಡೋನು, ಫೋನ್ ಮಾಡಿ ಇಷ್ಟು ರೊಕ್ಕ ಕೊಡ್ತೀನಿ, ಡಬ್ಬಿ ಬಿಡ್ರಿ ಅಂತಾನ. ತಗೊಂಡ್ರ ಡೀಲ್, ಆಟ ಮುಗೀತು. ಬ್ಯಾಡಂದ್ರ ಮುಂದ ನಡೀರಿ, ಕೊನಿತನಕ ಬ್ಯಾಡಂದ್ರ ಕೈಯಾಗಿನ ಡಬ್ಬಿದಾಗ ಎಷ್ಟದ ಅಷ್ಟೇ ನಿಮ್ದು.

ಅಮೆರಿಕಾದಾಗ ಮೊದಲನೇ ರೌಂಡಿಗಿ 6 ತೆರೀತಾರ, ಆಮ್ಯಾಲ 5, 4, 3, 2, ಅಲ್ಲಿಂದ ಒಂದೊಂದೇ. ನಮಗ ಅಷ್ಟು ಬ್ಯಾಡ, 12 ಡಬ್ಬಿ ಸಾಕು, 4, 3, 2, 1 ಅಂತ ನಾಕು ರೌಂಡು. ಕೊನಿಗಿ ಕೈಯಾಗಿಂದು ಒಂದು, ಸ್ಟೇಜ್ ಮ್ಯಾಲಿಂದು ಒಂದು ಉಳೀತದ. ಮೊತ್ತ ಹಿಂಗ ಇಡ್ರಿ: 1, 2, 5, 10, 20, 50, ಆಮ್ಯಾಲ 100, 200, 300, 500, 1000, 2000. ಎಲ್ಲಾ ಕೂಡಿಸಿದ್ರ 4188, ಸರಾಸರಿ 349. ಒಬ್ಬರಿಗಿ ಭಾಳ ಅಂದ್ರ 2000 ಹೋಗ್ತದ, ಮೂರು ಮಂದಿ ಆಡಿದ್ರ 6000 ತೆಗೆದಿಟ್ಟಿರ್ರಿ, ಅಷ್ಟು ಖರ್ಚಾಗೋದು ಭಾರಿ ಅಪರೂಪ. ಚಾರ್ಟ್ ಹಾಳ್ಯಾಗ ಎಡಕ್ಕ ಸಣ್ಣ ಮೊತ್ತ, ಬಲಕ್ಕ ದೊಡ್ಡವು ಬರೀರಿ, ತೆರೆದಂಗ ತೆರೆದಂಗ ಮಾರ್ಕರ್‌ಲಿಂದ ಹೊಡೆದು ಹಾಕ್ರಿ. ಹಿಂದ ಕೂತೋರಿಗೂ ಕಾಣ್ಬೇಕು, ಆ ಬೋರ್ಡ್ ಕಾಣಲಿಲ್ಲಂದ್ರ ಅರ್ಧ ಮಜಾ ಹೋಯ್ತು.

ಡಬ್ಬಿಗಿ ಸೂಪರ್ ಮಾರ್ಕೆಟ್ ಕಡಿ ಮಿಠಾಯಿ ಅಂಗಡ್ಯಾಗ ಕೇಳಿದ್ರ ಖಾಲಿ ಅರ್ಧ ಕೆಜಿವು ಸಿಗ್ತಾವ, ಎಲ್ಲಾ ಒಂದೇ ಸೈಜ್ ಇರ್ಲಿ. ಇಲ್ಲಿ ಮಾತ್ರ ಗಡಿಬಿಡಿ ಮಾಡ್ಬ್ಯಾಡ್ರಿ. ಒಬ್ಬರು ಚೀಟಿ ಬರೆದು ನಾಕು ಮಡಿಕಿ ಮಾಡಿ ಡಬ್ಬಿದಾಗ ಹಾಕಿ ಟೇಪ್ ಹಚ್ಚಿ ಹೊರಗ ಹೋಗ್ಲಿ, ಆಮ್ಯಾಲ ಇನ್ನೊಬ್ಬರು ಬಂದು ಡಬ್ಬಿಗೋಳು ಕಲಸಿ ನಂಬರ್ ಅಂಟಸ್ಲಿ. ಹಿಂಗ ಮಾಡಿದ್ರ ಬರೆದೋರಿಗೂ ಗೊತ್ತಿಲ್ಲ, ಅಂಟಿಸಿದೋರಿಗೂ ಗೊತ್ತಿಲ್ಲ. ಆಂಕರಿಗಿ ಗೊತ್ತಿತ್ತಂದ್ರ ಮಾರಿ ಮ್ಯಾಲೇ ಕಾಣ್ತದ, ನಮ್ಮ ಮಂದಿ ಮಾರಿ ಓದೋದ್ರಾಗ ಹುಷಾರ್ ಇದ್ದಾರ.

ಈಗ ಬ್ಯಾಂಕರ್. ಆಟದ ಜೀವಾನೇ ಇವನು. ಪೆಂಡಾಲ್ ಹಿಂದ ಕೂಡ್ಲಿ, ಯಾರಿಗೂ ಕಾಣ್ಬಾರ್ದು, ಬೋರ್ಡಿಂದು ಒಂದು ಕಾಪಿ ಮತ್ತ ಕ್ಯಾಲ್ಕುಲೇಟರ್ ಕೈಯಾಗಿರ್ಲಿ. ಮನಸಿಗಿ ಬಂದಂಗ ಆಫರ್ ಕೊಡೋದಲ್ಲ. ಉಳಿದ ಮೊತ್ತದ ಸರಾಸರಿ ತೆಗೀಬೇಕು, ಮೊದಲನೇ ರೌಂಡಿಗಿ ಅದರ 30 ಪರ್ಸೆಂಟ್, ಎರಡನೇದಕ್ಕ 55, ಮೂರಕ್ಕ 80, ಕೊನಿಗಿ 95. ಇದು ನಾನು ಇಟ್ಟ ಲೆಕ್ಕ, ಆದ್ರ ಟಿವಿದಾಗೂ ಶುರುವಿಗಿ ಕಡಿಮಿ ಕೊಟ್ಟು ಬರ್ತಾ ಬರ್ತಾ ಏರಸ್ತಾರ, ಯಾಕಂದ್ರ ಮೊದಲೇ ಛಲೋ ಆಫರ್ ಬಂದ್ರ ಎಲ್ಲರೂ ತಗೊಂಡು ಮನಿಗಿ ಹೋಗ್ತಾರ.

ಒಂದು ಆಟ ನೋಡ್ರಿ. ಮೊದಲ ರೌಂಡಿನಾಗ 2, 20, 300, 1000 ಹೋದ್ವು. ಉಳಿದ 8ರದ್ದು 2866, ಸರಾಸರಿ 358, ಹತ್ತರ ಲೆಕ್ಕಕ್ಕ ತಂದು ಆಫರ್ 110. ಆಡ್ಲಿಕತ್ತ ಅಕ್ಕಾರು ಬ್ಯಾಡ ಅಂದ್ರು. ಆಮ್ಯಾಲ 1, 50, 500 ಹೋದ್ವು, ಆಫರ್ 250, ಅದೂ ಬ್ಯಾಡ. ಮುಂದ 10, 100 ಹೋಗಿ 5, 200, 2000 ಉಳೀತು, ಈಗ ಆಫರ್ 590. ಇಲ್ಲಿ ಪೂರಾ ಪೆಂಡಾಲ್ ಎದ್ದು ನಿಂದರ್ತದ ನೋಡ್ರಿ, ಗಂಡ ತಗೋ ಅಂತಾನ, ಮಗಳು ಬ್ಯಾಡ ಮಮ್ಮಿ ಅಂತಾಳ, ಅಕ್ಕಾರು ಡಬ್ಬಿ ಮ್ಯಾಲ ಕೈ ಇಟ್ಕೊಂಡು ಗಣಪತಿ ಕಡಿ ನೋಡ್ಲಿಕತ್ತಿರ್ತಾರ. ಆಂಕರ್ ಸುಮ್ನ ನಿಂದರ್ಬೇಕು, ಅರ್ಧ ನಿಮಿಷ ಮೈಕ್ ಕೆಳಗ ಇಳಸ್ರಿ. ದೊಡ್ಡ ಮೊತ್ತ ಕಳಕೊಂಡೋರಿಗಂತೂ ಇನ್ನೂ ಟೈಮ್ ಕೊಡ್ರಿ. ಈ ಶೋ ಮ್ಯಾಲೇ ಮಾಡಿದ ಸಂಶೋಧನೆ 2008ರಾಗ ಅಮೆರಿಕನ್ ಎಕನಾಮಿಕ್ ರಿವ್ಯೂದಾಗ ಬಂದದ, ದೊಡ್ಡ ಮೊತ್ತ ಕೈ ತಪ್ಪಿದೋರು ಹೋಗಿದ್ದು ವಾಪಸ್ ತರ್ಬೇಕಂತ ಛಲೋ ಆಫರನೂ ಬಿಟ್ಟು ಮುಂದ ಹೋಗೋದು ಜಾಸ್ತಿ ಅಂತ ಅದರಾಗ ಅದ.

ಕೊನಿಗಿ ಎರಡೇ ಉಳಿದಾಗ ಡಬ್ಬಿ ಬದಲಿ ಮಾಡ್ಲಾಕ ಬಿಟ್ರ ಫಾಯ್ದಾ ಅದ ಏನು ಅಂತ ಯಾರರ ಕೇಳೇ ಕೇಳ್ತಾರ. ಏನೂ ಇಲ್ಲ, ಎರಡೂ ಫಿಫ್ಟಿ-ಫಿಫ್ಟಿ. ಮಾಂಟಿ ಹಾಲ್ ಅಂತ ಇನ್ನೊಂದು ಲೆಕ್ಕ ಅದ, ಮೂರು ಬಾಗಿಲದಾಗ ಒಂದರ ಹಿಂದ ಬಹುಮಾನ, ನೀವು ಒಂದು ಆರಿಸಿದ ಮ್ಯಾಲ ಆಡಿಸೋನು ಇನ್ನೊಂದು ತೆರೆದು ಬದಲಿ ಮಾಡ್ತೀರೇನು ಅಂತಾನ. ಅದರಾಗ ಬದಲಿ ಮಾಡಿದ್ರ ಮೂರರಾಗ ಎರಡು ಸಲ ಗೆಲ್ತೀರಿ, ಖರೇ ಅದ, ಆದ್ರ ಅಲ್ಲಿ ಆಡಿಸೋನಿಗಿ ಬಹುಮಾನ ಎಲ್ಲದಂತ ಗೊತ್ತಿದ್ದು ಬೇಕಂತಲೇ ಖಾಲಿ ಬಾಗಿಲ ತೆರೀತಾನ. ಇಲ್ಲಿ ತೆರೆದೋರು ಕಣ್ಣು ಮುಚ್ಚಿ ತೆರೆದಂಗೇ, ಅದಕ್ಕ ಆ ಲೆಕ್ಕ ನಡೆಂಗಿಲ್ಲ.

ಎಂಟ್ರಿ ಫೀಸ್ ಅಂತ ಒಂದು ರೂಪಾಯಿನೂ ತಗೋಬ್ಯಾಡ್ರಿ. ರೊಕ್ಕ ಕೊಟ್ಟು ನಸೀಬಿನ ಮ್ಯಾಲ ರೊಕ್ಕ ಗೆದ್ರ ಅದು ಜೂಜೇ ಆಯ್ತು, ನಮ್ಮ ರಾಜ್ಯದಾಗ ಲಾಟರಿನೂ 2007ಕ್ಕೇ ಬಂದ್ ಆಗ್ಯದ. ಬಹುಮಾನದ ರೊಕ್ಕ ಯಾರರ ಪ್ರಾಯೋಜಕರಿಂದ ಬರ್ಲಿ, ಆಡೋರ ಹೆಸರು ಪುಕ್ಕಟೆ ಚೀಟಿ ಎತ್ತಿ ಆರಸ್ರಿ.

ಮಂಗಳಾರತಿ ಆದ ಮ್ಯಾಲ ಶುರು ಮಾಡ್ರಿ, ಊಟಕ್ಕ ಎದ್ದು ಹೋಗೋ ಟೈಮಿಗಿ ಇಟ್ರ ಮಂದಿ ಕೂಡಂಗಿಲ್ಲ. ಕರೆಂಟ್ ಹೋದ್ರ ಬೋರ್ಡ್ ಮ್ಯಾಲ ಬಿಡ್ಲಾಕ ಒಂದು ಚಾರ್ಜಿಂಗ್ ಲೈಟ್ ಇಟ್ಕೋರಿ. ಚಿಲ್ಲರೆ ಮೊದಲೇ ತಂದಿಟ್ಟು, 1 ರೂಪಾಯಿ ಬಂದೋರಿಗೂ ಅದನ್ನ ಕವರ್‌ನಾಗ ಹಾಕಿ, ಹೆಸರು ಕರೆದು, ಸ್ಟೇಜ್ ಮ್ಯಾಲೇ ಕೊಡ್ರಿ.