ಬೌದ್ಧ ಧರ್ಮ, ಕ್ರೈಸ್ತ ಧರ್ಮ ಹೋಲಿಸೋದು ಹೇಗೆ? ಮುಂಡಗೋಡದಿಂದ ಚಂದಾವರದವರೆಗೆ ಸುತ್ತಿ ಕಲಿತದ್ದು

ಕಾಲೇಜಿನಲ್ಲಿದ್ದಾಗ ಹೊನ್ನಾವರದ ಕಡೆ ಗೆಳೆಯನ ಅಕ್ಕನ ಮದುವೆಗೆ ಹೋಗಿದ್ದೆ. ಇಗರ್ಜಿಯಲ್ಲಿ ಪೂಜೆ ಮುಗಿಯುತ್ತಾ ಬಂದಾಗ ಜನ ಎದ್ದು ಸಾಲಾಗಿ ಮುಂದೆ ಹೊರಟರು. ಪಾದ್ರಿಗಳು ಒಬ್ಬೊಬ್ಬರಿಗೂ ಬಿಳಿ, ತೆಳ್ಳಗಿನ, ನಾಣ್ಯದಷ್ಟು ಅಗಲದ ಏನನ್ನೋ ಕೊಡುತ್ತಿದ್ದರು. ನಾನೂ ಎದ್ದು ಸಾಲಿನಲ್ಲಿ ನಿಂತೆ, ಕೈ ಕೂಡ ಚಾಚಿಕೊಂಡೇ ನಿಂತಿದ್ದೆ. ಗೆಳೆಯ ಹಿಂದಿನಿಂದ ಅಂಗಿ ಹಿಡಿದು ಎಳೆದ. "ಅದು ಪ್ರಸಾದ ಅಲ್ಲ ಮಾರಾಯ, ಬಾ ಕೂತ್ಕೋ."

ತಮಾಷೆ ಅಂದರೆ ಕನ್ನಡ ಪೂಜೆಯಲ್ಲಿ ಅದನ್ನು ಕರೆಯುವುದೇ ಪರಮಪ್ರಸಾದ ಅಂತ. ಆದರೆ ನಮ್ಮ ದೇವಸ್ಥಾನದ ಪ್ರಸಾದಕ್ಕೂ ಅದಕ್ಕೂ ಬಹಳ ದೂರ. ಕ್ಯಾಥೊಲಿಕರ ನಂಬಿಕೆಯಲ್ಲಿ ಆ ರೊಟ್ಟಿ ಪೂಜೆಯ ಹೊತ್ತಿಗೆ ನಿಜವಾಗಿ ಕ್ರಿಸ್ತನ ಶರೀರವೇ ಆಗಿರುತ್ತದೆ. ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆಗಿ, ಮೊದಲ ಪರಮಪ್ರಸಾದದ ತಯಾರಿ ಮುಗಿಸಿದವರಿಗೆ ಮಾತ್ರ ಅದು. ಪದ ಒಂದೇ, ಒಳಗಿನ ಸರಕು ಬೇರೆ.

ಹೋದ ವರ್ಷ ಅಕ್ಕನ ಮಗಳು ಶಿರಸಿಯ ನಮ್ಮ ಮನೆಗೆ ಬಂದು "ಮಾಮ, ಎರಡು ಧರ್ಮ ಹೋಲಿಸಿ ಬರೀಬೇಕು, ಟೇಬಲ್ ರೆಡಿ ಇದೆ, ಸುಮ್ನೆ ಒಂದ್ಸಲ ನೋಡು" ಅಂದಾಗ ಇದೆಲ್ಲ ನೆನಪಾಯಿತು. ಅವಳ ಟೇಬಲ್ ಹೀಗಿತ್ತು. ಸ್ಥಾಪಕ: ಬುದ್ಧ, ಯೇಸು. ಗ್ರಂಥ: ತ್ರಿಪಿಟಕ, ಬೈಬಲ್. ದೇವರು: ಬುದ್ಧ, ಯೇಸು. ಗುರಿ: ಮೋಕ್ಷ, ಸ್ವರ್ಗ. ಎಲ್ಲಾ ಮನೆ ತುಂಬಿತ್ತು, ಒಂದೂ ಸರಿಯಾಗಿ ಕೂತಿರಲಿಲ್ಲ. ನೀವೂ ಇಂಥದ್ದೇನಾದರೂ ಬರೆಯಲು, ಇಲ್ಲಾ ಸುಮ್ಮನೆ ತಿಳಿದುಕೊಳ್ಳಲು ಹೊರಟಿದ್ದರೆ ನಾವಿಬ್ಬರೂ ಮಾಡಿದ ಹಾಗೆ ಮಾಡಿ ನೋಡಿ.

ಮೊದಲ ಕೆಲಸ, ಪದಗಳನ್ನು ಚಪ್ಪಲಿಯ ಹಾಗೆ ಹೊರಗೆ ಬಿಡುವುದು

ಕನ್ನಡದಲ್ಲಿ ಈ ಎರಡನ್ನೂ ಹೋಲಿಸಲು ಕೂತಾಗ ನಮಗೆ ಗೊತ್ತಿಲ್ಲದೇ ಮೂರನೆಯವರೊಬ್ಬರು ಪಕ್ಕದಲ್ಲಿ ಬಂದು ಕೂರುತ್ತಾರೆ. ಅದು ನಮ್ಮ ಮನೆಯ ಧರ್ಮ. ದೇವರು, ಆತ್ಮ, ಪಾಪ, ಮುಕ್ತಿ ಅಂದ ಕೂಡಲೇ ಅಜ್ಜಿ ಹೇಳಿಕೊಟ್ಟ ಅರ್ಥವೇ ತಲೆಗೆ ಬರುತ್ತದೆ. ಹಾಗಾಗಿ ಒಂದೊಂದು ಪದ ಎತ್ತಿಕೊಂಡು, ಇವರು ಇದರಿಂದ ಏನು ಹೇಳುತ್ತಾರೆ, ಅವರು ಏನು ಹೇಳುತ್ತಾರೆ ಅಂತ ಬೇರೆ ಬೇರೆ ಕೇಳಬೇಕು.

ಆತ್ಮ ತಗೊಳ್ಳಿ. ಕ್ರೈಸ್ತರಿಗೆ ಪ್ರತಿಯೊಬ್ಬರ ಆತ್ಮವೂ ದೇವರು ಸೃಷ್ಟಿಸಿದ್ದು. ಬದುಕು ಒಂದೇ ಸಲ, ಆಮೇಲೆ ತೀರ್ಪು, ಕೊನೆಯಲ್ಲಿ ಶರೀರಸಮೇತ ಪುನರುತ್ಥಾನ. ಬುದ್ಧ ಹೇಳಿದ್ದು ಅನಾತ್ಮ. ಬದಲಾಗದೆ ಉಳಿಯುವ 'ನಾನು' ಅಂತ ಒಂದು ವಸ್ತುವೇ ಇಲ್ಲ. ಹಾಗಾದರೆ ಮರುಜನ್ಮ ಯಾರದ್ದು? ನನ್ನ ಸೊಸೆಯೂ ಇದನ್ನೇ ಕೇಳಿದಳು. ಮಿಲಿಂದ ರಾಜನೂ ಎರಡು ಸಾವಿರ ವರ್ಷದ ಹಿಂದೆ ನಾಗಸೇನ ಭಿಕ್ಷುವಿನ ಹತ್ತಿರ ಇದನ್ನೇ ಕೇಳಿದ್ದ ಅಂತ ಪಾಲಿ ಗ್ರಂಥ ಹೇಳುತ್ತದೆ. ನಾಗಸೇನನ ಉತ್ತರ ಇದು: ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದರೆ ಮೊದಲ ದೀಪದಿಂದ ಏನಾದರೂ ಎದ್ದು ಆಚೆ ಹೋಯಿತೇ? ಇಲ್ಲ. ಆದರೆ ಮೊದಲನೆಯದು ಇಲ್ಲದೆ ಎರಡನೆಯದು ಹತ್ತುತ್ತಿತ್ತೇ? ಅದೂ ಇಲ್ಲ.

ಪಾಪ ಅನ್ನುವ ಪದ ಇನ್ನೂ ಮೋಸ ಮಾಡುತ್ತದೆ. ಕ್ರೈಸ್ತರಲ್ಲಿ ಪಾಪ ಅಂದರೆ ದೇವರ ಜೊತೆಗಿನ ಸಂಬಂಧ ಮುರಿಯುವುದು. ಮುರಿದದ್ದನ್ನು ಮನುಷ್ಯ ತಾನೇ ಕೂಡಿಸಲಾರ, ದೇವರ ಕೃಪೆ ಬೇಕು, ಕ್ಷಮೆ ಬೇಕು. ಬೌದ್ಧರಲ್ಲಿ ಕ್ಷಮಿಸುವವರು ಯಾರೂ ಮೇಲೆ ಕೂತಿಲ್ಲ. ಕೆಟ್ಟ ಕರ್ಮಕ್ಕೆ ಕೆಟ್ಟ ಫಲ, ಬಿತ್ತಿದ್ದು ಬೆಳೆಯುತ್ತದೆ ಅಷ್ಟೇ. ಅದರ ಬುಡದಲ್ಲಿರುವುದು ಅವಿದ್ಯೆ, ಅಂದರೆ ಇರುವುದನ್ನು ಇರುವ ಹಾಗೆ ಕಾಣದೆ ಇರುವುದು. ಹೊರಗಿನಿಂದ ನೋಡಿದರೆ ಎರಡೂ ಕಡೆ ತಪ್ಪೊಪ್ಪಿಗೆ ಇದೆ. ಕ್ಯಾಥೊಲಿಕರು ಪಾದ್ರಿಯ ಮುಂದೆ ಪಾಪನಿವೇದನೆ ಮಾಡುತ್ತಾರೆ, ಭಿಕ್ಷುಗಳು ತಿಂಗಳಿಗೆ ಎರಡು ಸಲ ಸೇರಿ ನಿಯಮ ತಪ್ಪಿದ್ದನ್ನು ಹೇಳಿಕೊಳ್ಳುತ್ತಾರೆ. ಪಾದ್ರಿ ದೇವರ ಹೆಸರಿನಲ್ಲಿ ಕ್ಷಮೆ ಕೊಡುತ್ತಾರೆ. ಭಿಕ್ಷುಗಳ ಸಭೆಯಲ್ಲಿ ಶಿಸ್ತು ಮತ್ತೆ ಸರಿಹೋಗುತ್ತದೆ. ಇದು ಅದೇ ಅಲ್ಲ.

ಇನ್ನು ದೇವರು. ಬೌದ್ಧ ಗ್ರಂಥಗಳಲ್ಲಿ ದೇವತೆಗಳು ಬೇಕಾದಷ್ಟು ಇದ್ದಾರೆ, ಆದರೆ ಅವರೂ ಹುಟ್ಟಿ ಸಾಯುವವರೇ, ಸಂಸಾರದ ಒಳಗಿನವರೇ. ಲೋಕ ಸೃಷ್ಟಿಸಿದ ಒಬ್ಬ ದೇವರು ಅಲ್ಲಿ ಇಲ್ಲ. ಬುದ್ಧನೂ ದೇವರಲ್ಲ, ಎಚ್ಚೆತ್ತವನು. ಟೇಬಲ್‌ನ ಆ ಮನೆಯನ್ನು ಅಳಿಸಲು ಹೇಳಿದೆ.

ಯಾರ ಎದುರು ಯಾರನ್ನು ಇಡುವುದು?

ಎಲ್ಲರೂ ಬುದ್ಧನ ಎದುರಿಗೆ ಯೇಸುವನ್ನು ಇಡುತ್ತಾರೆ. ಅಲ್ಲೇ ಎಡವುವುದು. ಮೊದಲ ಕಾಲದ ಕ್ರೈಸ್ತ ಪ್ರಚಾರಕ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಕ್ರಿಸ್ತ ಸಾವಿನಿಂದ ಎದ್ದುಬರದಿದ್ದರೆ ನಿಮ್ಮ ನಂಬಿಕೆಯೇ ವ್ಯರ್ಥ ಅಂತ ನೇರವಾಗಿ ಹೇಳುತ್ತಾನೆ. ಆ ಒಬ್ಬ ವ್ಯಕ್ತಿ, ಆ ಸಾವು, ಆ ಮೂರನೆಯ ದಿನ ತೆಗೆದುಬಿಟ್ಟರೆ ಏನೂ ಉಳಿಯುವುದಿಲ್ಲ. ಬೌದ್ಧರಲ್ಲಿ ಹಾಗಲ್ಲ. ಗೌತಮ ಕಂಡಿದ್ದು ಮೊದಲಿಂದಲೂ ಇದ್ದ ದಾರಿ, ಅವನಿಗಿಂತ ಮುಂಚೆಯೂ ಬುದ್ಧರಿದ್ದರು, ಮುಂದೆಯೂ ಬರುತ್ತಾರೆ ಅನ್ನುವುದು ಅವರ ನಂಬಿಕೆ. ಅಂದರೆ ಕ್ರಿಸ್ತನ ಎದುರು ಕೂರಿಸಬೇಕಾದ್ದು ಬುದ್ಧನನ್ನಲ್ಲ, ಧರ್ಮವನ್ನು, ಆ ದಾರಿಯನ್ನು.

ಗ್ರಂಥದ ಸಾಲೂ ಹೀಗೇ. ಬೈಬಲ್ ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಓದಬಹುದು. ಟಿಬೆಟನ್ನರ ಕಂಗ್ಯುರ್, ಅಂದರೆ ಬುದ್ಧವಚನ ಅಂತ ಅವರು ಒಪ್ಪಿರುವುದು, ಸುಮಾರು ನೂರು ಸಂಪುಟ. ಉದ್ದುದ್ದ ಬಿಡಿ ಹಾಳೆ, ಮೇಲೆ ಕೆಳಗೆ ಹಲಗೆ, ಸುತ್ತ ಬಟ್ಟೆ. ಗೋಡೆ ತುಂಬಾ ಗೂಡು ಮಾಡಿ ಇಟ್ಟಿರುತ್ತಾರೆ. ಮನೆಮನೆಯಲ್ಲಿ ದಿನಾ ಓದುವ ಒಂದೇ ಪುಸ್ತಕ ಅನ್ನುವ ಕಲ್ಪನೆ ಅಲ್ಲಿಗೆ ಹೊಂದುವುದಿಲ್ಲ.

ಕಥೆಗೆ ಕಥೆ ಹಿಡಿದು ನೋಡಿ

ನನ್ನ ಮಟ್ಟಿಗೆ ಇದೇ ಒಳ್ಳೆ ಉಪಾಯ. ಸಿದ್ಧಾಂತ ಓದಿದರೆ ನಿದ್ದೆ ಬರುತ್ತದೆ, ಕಥೆ ಹಾಗಲ್ಲ. ಅದೂ ಎರಡೂ ಕಡೆ ಒಂದೇ ತರಹ ಶುರುವಾಗುವ ಕಥೆ ಹುಡುಕಿ.

ಮನೆ ಬಿಟ್ಟು ಹೋದ ಮಗನ ಕಥೆ ಎರಡರಲ್ಲೂ ಇದೆ. ಲೂಕನ ಸುವಾರ್ತೆಯಲ್ಲಿ ಕಿರಿಯ ಮಗ ಪಾಲು ತಗೊಂಡು ಹೋಗಿ, ಎಲ್ಲಾ ಹಾಳು ಮಾಡಿ, ಹಂದಿ ಕಾಯುವ ಗತಿಗೆ ಬಂದು ವಾಪಸ್ ಹೊರಡುತ್ತಾನೆ. ಅಪ್ಪ ದೂರದಿಂದಲೇ ಕಂಡು ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಮಗ ಕ್ಷಮೆಯ ಮಾತು ಮುಗಿಸುವುದರೊಳಗೆ ಹೊಸ ಬಟ್ಟೆ, ಉಂಗುರ, ಔತಣ. ಬೌದ್ಧರ ಮಹಾಯಾನ ಪಂಥದ ಸದ್ಧರ್ಮಪುಂಡರೀಕ ಸೂತ್ರದಲ್ಲಿಯೂ ಮಗ ಓಡಿಹೋಗಿ ಬಡವನಾಗಿ ಅಲೆಯುತ್ತಾನೆ. ಎಷ್ಟೋ ವರ್ಷದ ಮೇಲೆ ಗೊತ್ತಿಲ್ಲದೇ ಅಪ್ಪನ ಅರಮನೆಯಂಥ ಮನೆ ಮುಂದೆ ಬರುತ್ತಾನೆ. ಅಪ್ಪ ಗುರುತು ಹಿಡಿದು ಆಳುಗಳನ್ನು ಕಳಿಸಿದರೆ, ನನ್ನನ್ನು ಹಿಡಿಯಲು ಬಂದರು ಅಂತ ಹೆದರಿ ಮೂರ್ಛೆ ಹೋಗುತ್ತಾನೆ. ಆಗ ಅಪ್ಪ ಏನು ಮಾಡುತ್ತಾನೆ ಅಂದರೆ, ತಾನು ಯಾರು ಅಂತ ಹೇಳುವುದೇ ಇಲ್ಲ. ಕೂಲಿಯವರನ್ನು ಕಳಿಸಿ, ಗೊಬ್ಬರ ಹೊರುವ ಕೆಲಸ ಇದೆ, ಕೂಲಿ ಜಾಸ್ತಿ ಅಂತ ಕರೆಸುತ್ತಾನೆ. ತಾನೂ ಕೊಳೆ ಬಟ್ಟೆ ಹಾಕಿಕೊಂಡು ಹತ್ತಿರ ಹೋಗಿ ಮಾತಾಡಿಸುತ್ತಾನೆ. ಇಪ್ಪತ್ತು ವರ್ಷ ಹೀಗೇ ನಡೆಯುತ್ತದೆ. ಆಮೇಲೆ ಉಗ್ರಾಣದ ಲೆಕ್ಕ ಒಪ್ಪಿಸುತ್ತಾನೆ. ಸಾಯುವ ಹೊತ್ತಿಗೆ ಮಾತ್ರ ಎಲ್ಲರನ್ನೂ ಕರೆದು, ಇವನು ನನ್ನ ಮಗ, ಎಲ್ಲಾ ಇವನದ್ದೇ ಅನ್ನುತ್ತಾನೆ.

ಎರಡೂ ಅಪ್ಪಂದಿರಿಗೆ ಪ್ರೀತಿ ಕಡಿಮೆ ಇಲ್ಲ. ಆದರೆ ಒಬ್ಬ ಓಡಿ ಬರುತ್ತಾನೆ, ಇನ್ನೊಬ್ಬ ಕಾಯುತ್ತಾನೆ. ಕೃಪೆ ಅಂದರೆ ಏನು, ಮನಸ್ಸು ಹಣ್ಣಾಗುವ ತನಕ ಉಪಾಯದಿಂದ ನಡೆಸುವುದು ಅಂದರೆ ಏನು ಅಂತ ನನಗೆ ತಿಳಿದದ್ದು ಇಲ್ಲಿ. ಸೊಸೆಗೆ ಮಾತ್ರ ಎರಡನೇ ಅಪ್ಪನ ಮೇಲೆ ಸಿಟ್ಟು ಬಂತು. "ಇಪ್ಪತ್ತು ವರ್ಷ ಗೊಬ್ಬರ ಹೊರಿಸಿದನಾ?"

ಇನ್ನೊಂದು ಜೋಡಿ ನಿಮಗೆ ಅರ್ಧ ಗೊತ್ತೇ ಇದೆ. ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೋತಮಿಗೆ ಬುದ್ಧ ಸಾವಿಲ್ಲದ ಮನೆಯ ಸಾಸಿವೆ ತಾ ಅಂದ. ನಾಯಿನ್ ಊರಿನ ವಿಧವೆಯ ಒಬ್ಬನೇ ಮಗನ ಹೆಣ ಹೊತ್ತು ಹೋಗುತ್ತಿದ್ದಾಗ ಯೇಸು ಚಟ್ಟ ಮುಟ್ಟಿ, ಏಳು ಅಂದ, ಹುಡುಗ ಎದ್ದು ಕೂತ. ಒಬ್ಬರು ಸಾವನ್ನು ಅರ್ಥ ಮಾಡಿಸಿದರು, ಇನ್ನೊಬ್ಬರು ಸಾವನ್ನೇ ಹಿಂದಕ್ಕೆ ಕಳಿಸಿದರು.

ಹೋಗಿ ನೋಡಿ, ದೂರವೇನಿಲ್ಲ

ಬೇರೆ ಜಿಲ್ಲೆಯವರಿಗೆ ಇಲ್ಲದ ಅನುಕೂಲ ಉತ್ತರ ಕನ್ನಡದ ನಮಗಿದೆ. ಘಟ್ಟದ ಮೇಲೆ ಮುಂಡಗೋಡ, ಘಟ್ಟದ ಕೆಳಗೆ ಕರಾವಳಿ ಉದ್ದಕ್ಕೂ ಇಗರ್ಜಿಗಳು. (ಘಟ್ಟದ ಮೇಲೆ ಕ್ರೈಸ್ತರಿಲ್ಲ ಅಂತಲ್ಲ, ಹಳಿಯಾಳ, ಯಲ್ಲಾಪುರದ ಸಿದ್ದಿಗಳಲ್ಲಿ ಎಷ್ಟೋ ಜನ ಕ್ಯಾಥೊಲಿಕರು.) ಮುಂಡಗೋಡದ ಟಿಬೆಟನ್ ಕಾಲೊನಿ ಶುರುವಾದದ್ದು 1966ರಲ್ಲಿ. ಲ್ಹಾಸಾದ ಹತ್ತಿರ 1409ರಲ್ಲಿ ಕಟ್ಟಿದ ಗಾಂದೆನ್, 1416ರಲ್ಲಿ ಕಟ್ಟಿದ ದ್ರೆಪುಂಗ್, ಎರಡೂ ಮಠಗಳನ್ನು ಇಲ್ಲಿ ಮತ್ತೆ ಕಟ್ಟಿದ್ದಾರೆ. ವಿದೇಶಿ ಗೆಳೆಯರು ಜೊತೆಗಿದ್ದರೆ ಮೊದಲೇ ಅನುಮತಿ ಪತ್ರ ಮಾಡಿಸಿಕೊಳ್ಳಬೇಕು, ನಮಗೆ ಬೇಡ. ಬೌದ್ಧರು ಈ ಜಿಲ್ಲೆಗೆ ಹೊಸಬರೂ ಅಲ್ಲ. ಅಶೋಕನ ಕಾಲದಲ್ಲಿ ರಕ್ಖಿತ ಅನ್ನುವ ಭಿಕ್ಷುವನ್ನು ವನವಾಸಕ್ಕೆ ಕಳಿಸಿದರು ಅಂತ ಸಿಂಹಳದ ಮಹಾವಂಸ ಹೇಳುತ್ತದೆ. ಅದು ನಮ್ಮ ಬನವಾಸಿ ಅಂತಲೇ ಎಷ್ಟೋ ಇತಿಹಾಸಕಾರರ ಮಾತು.

ಮಠದಲ್ಲಿ ಬುದ್ಧನ ಮುಂದೆ ಏಳು ಬಟ್ಟಲು ನೀರು ಸಾಲಾಗಿ ಇಟ್ಟಿರುತ್ತಾರೆ. ಬೆಳಿಗ್ಗೆ ತುಂಬಿ ಸಂಜೆ ಖಾಲಿ ಮಾಡುತ್ತಾರೆ. ನನ್ನ ಕೈ ಅಭ್ಯಾಸಬಲದಿಂದ ತೀರ್ಥಕ್ಕೆ ಚಾಚಿತ್ತು, ನಿಜ ಹೇಳುತ್ತೇನೆ. ಅದು ಹಂಚುವ ನೀರಲ್ಲ, ಅರ್ಪಿಸುವ ನೀರು. ನೀರೇ ಯಾಕೆ ಅಂದರೆ, ನೀರು ಕೊಡುವಾಗ ಯಾರಿಗೂ ಜೀವ ಹಿಂಡುವುದಿಲ್ಲ, ಜಿಪುಣತನ ಇಲ್ಲದೆ ಕೊಡಲು ಕಲಿಯಬಹುದು ಅಂತೆ.

ಅಲ್ಲಿ ತಪ್ಪದೇ ನೋಡಬೇಕಾದ್ದು ಅಂಗಳದಲ್ಲಿ ನಡೆಯುವ ವಾದ. ಹೊತ್ತು ಕೇಳಿಕೊಂಡು ಹೋಗಿ. ಒಬ್ಬ ಕೂತಿರುತ್ತಾನೆ, ಒಬ್ಬ ನಿಂತಿರುತ್ತಾನೆ. ನಿಂತವನು ಪ್ರಶ್ನೆ ಎಸೆದು, ಬಲಗೈ ಎತ್ತಿ ಎಡ ಅಂಗೈಗೆ ಚಟಾರ್ ಅಂತ ಹೊಡೆದು ಕಾಲು ಅಪ್ಪಳಿಸುತ್ತಾನೆ. ಕೂತವನು ಬೇಕಾದ ಹಾಗೆ ಭಾಷಣ ಮಾಡುವ ಹಾಗಿಲ್ಲ. ಒಪ್ಪಿದೆ, ಕಾರಣ ಸಿದ್ಧವಾಗಿಲ್ಲ, ವ್ಯಾಪ್ತಿ ಇಲ್ಲ (ಅಂದರೆ ಆ ಕಾರಣದಿಂದ ಆ ಮಾತು ಬರುವುದಿಲ್ಲ), ಇಂಥ ನಾಲ್ಕಾರು ಉತ್ತರದಲ್ಲೇ ತಪ್ಪಿಸಿಕೊಳ್ಳಬೇಕು. "ಮಾಮ, ಜಗಳವಾ?" ಅಂದಳು ಸೊಸೆ. ಜಗಳ ಅಲ್ಲ, ಇದೇ ಅವರ ಓದು. ಗೆಶೆ, ಅಂದರೆ ಮಠದ ದೊಡ್ಡ ವಿದ್ವಾಂಸನ ಪದವಿ, ಬೇಕಾದರೆ ಇಂಥ ಓದು ಇಪ್ಪತ್ತು ವರ್ಷ ಹಿಡಿಯುತ್ತದೆ.

ಇದರ ಪಕ್ಕದಲ್ಲಿ ಭಾನುವಾರದ ಇಗರ್ಜಿ ಇಟ್ಟು ನೋಡಿ. ಅಲ್ಲಿ ಎಲ್ಲರೂ ಎದ್ದು ನಿಂತು ಒಂದೇ ದನಿಯಲ್ಲಿ ವಿಶ್ವಾಸ ಸಂಗ್ರಹ, ಅಂದರೆ ತಾವು ನಂಬುವುದನ್ನು ಸಾರುವ ಮಾತು, ಹೇಳುತ್ತಾರೆ. ಅದರ ಒಂದು ರೂಪದ ಬೇರು 325ರ ನೈಸಿಯಾ ಸಭೆಯಲ್ಲಿದೆ. ವಿಶ್ವಾಸವನ್ನು ಇಲ್ಲಿ ಸಾಬೀತು ಮಾಡುವುದಿಲ್ಲ, ಸಾರುತ್ತಾರೆ. ಹಾಗಂತ ಬೌದ್ಧರದ್ದು ಬರೀ ತರ್ಕ, ಕ್ರೈಸ್ತರದ್ದು ಬರೀ ನಂಬಿಕೆ ಅಂತ ಬರೆದುಬಿಡಬೇಡಿ. ಬುದ್ಧಂ ಶರಣಂ ಅಂತ ಅವರೂ ದಿನಾ ಹೇಳುತ್ತಾರೆ, ನೈಸಿಯಾದಲ್ಲಿ ಬಿಷಪ್ಪರು ವಾದ ಮಾಡಿಯೇ ಆ ಮಾತಿಗೆ ಬಂದದ್ದು.

ಊರಿನದ್ದು ಯಾವುದು, ಧರ್ಮದ್ದು ಯಾವುದು?

ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ನಮ್ಮ ಕರಾವಳಿಯ ಕ್ಯಾಥೊಲಿಕರು ಹೊಸ ತೆನೆ ಆಶೀರ್ವಾದ ಮಾಡಿಸಿ ಮನೆಗೆ ತಂದು ಉಣ್ಣುತ್ತಾರೆ. ಮೇರಿಯಮ್ಮನ ಹುಟ್ಟುಹಬ್ಬ ಇಡೀ ಕ್ಯಾಥೊಲಿಕ್ ಲೋಕದ್ದು, ತೆನೆ ನಮ್ಮ ಗದ್ದೆಯದ್ದು. ಹಾಗೆಯೇ ಬಣ್ಣದ ಬಾವುಟ, ಬೆಣ್ಣೆ ದೀಪ ಟಿಬೆಟಿನದ್ದು, ಇವಿಲ್ಲದ ಬೌದ್ಧರೂ ಬೇಕಾದಷ್ಟು ಇದ್ದಾರೆ. ಮುಂಡಗೋಡದಲ್ಲಿ ಮಾಂಸದ ಮೋಮೋ ಕಂಡು ಗಾಬರಿ ಬೀಳುವ ನಮ್ಮ ಜನಕ್ಕೂ ಇದೇ ಉತ್ತರ. ತನಗಾಗಿ ಕೊಂದದ್ದು ಅಂತ ಕಂಡಿರಬಾರದು, ಕೇಳಿರಬಾರದು, ಅನುಮಾನವೂ ಇರಬಾರದು, ಹಳೆಯ ಭಿಕ್ಷು ನಿಯಮ ಕೇಳುವುದು ಇಷ್ಟೇ. ಪಾದ್ರಿಗಳಿಗೆ ಮದುವೆ ಇಲ್ಲ ಅನ್ನುವುದೂ ಕ್ಯಾಥೊಲಿಕರ ಮಾತು, ಪ್ರೊಟೆಸ್ಟಂಟ್ ಪಾಸ್ಟರುಗಳಿಗೆ ಹೆಂಡತಿ ಮಕ್ಕಳಿರುತ್ತಾರೆ. ಆದ್ದರಿಂದ ಬರೆಯುವಾಗ ಯಾವ ಬೌದ್ಧರು, ಯಾವ ಕ್ರೈಸ್ತರು ಅಂತ ಹೇಳಿಯೇ ಬರೆಯಿರಿ.

ಜಪಮಾಲೆ ಎರಡೂ ಕಡೆ ಇದೆ, ಬೌದ್ಧರಲ್ಲಿ 108 ಮಣಿ, ಕ್ಯಾಥೊಲಿಕರಲ್ಲಿ ಹತ್ತತ್ತರ ಐದು ಗುಂಪು. ಮಣಿ ಎಣಿಸಿ ಕೂರಬೇಡಿ, ಬಾಯಲ್ಲಿ ಯಾರ ಹೆಸರು ಅಂತ ಕೇಳಿ.

ಡಿಸೆಂಬರ್ 3ಕ್ಕೆ ಕುಮಟಾ ಹತ್ತಿರದ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಅವರು 1552ರಲ್ಲಿ ತೀರಿಕೊಂಡ ದಿನ ಅದು. ಎಲ್ಲಾ ಜಾತಿಯವರೂ ಬಂದು ಮೇಣದಬತ್ತಿ ಹಚ್ಚುತ್ತಾರೆ, ನಾವೂ ಹೋದೆವು. ಪರಮಪ್ರಸಾದದ ಸಾಲು ಹೊರಟಾಗ ಸೊಸೆ ನನ್ನ ಕಡೆ ನೋಡಿ ನಕ್ಕಳು, ಮದುವೆ ಕಥೆ ಹೇಳಿಬಿಟ್ಟಿದ್ದೆನಲ್ಲ.

ಅವಳು ಎಂಟು ಪುಟ ಬರೆದುಕೊಟ್ಟಳು. ಕಾಲೇಜಿನಿಂದ ವಾಪಸ್ ಬಂದ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ "ಟೇಬಲ್ ಎಲ್ಲಿ?" ಅಂತಿತ್ತು. ಸಿಟ್ಟಿನಲ್ಲೇ ಕೂತು ಒಂದು ಟೇಬಲ್ ಎಳೆದಳು. ದೇವರು ಅನ್ನುವ ಸಾಲಿನಲ್ಲಿ ಬೌದ್ಧರ ಮನೆ ಖಾಲಿ ಬಿಟ್ಟು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಳು: ಮರೆತಿದ್ದಲ್ಲ, ಬೇಕಂತಲೇ ಬಿಟ್ಟಿದ್ದು.