ಒಂದು ಮೆಟ್ರೊ, ಒಂದು ಟ್ರಾಮ್: ವಿಯೆನ್ನಾದ ಅರಮನೆಯಿಂದ ದ್ರಾಕ್ಷಿ ತೋಟದವರೆಗೆ

ದ್ರಾಕ್ಷಿ ತೋಟ ನೋಡಬೇಕೆಂದರೆ ಊರು ದಾಟಿ ಹೋಗಬೇಕು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಹಾಗಿಲ್ಲ. ನಗರದ ಗಡಿಯ ಒಳಗೇ ನೂರಾರು ಹೆಕ್ಟೇರ್ ದ್ರಾಕ್ಷಿ ತೋಟವಿದೆ. ಅದಕ್ಕೆ ಟೂರ್ ಬಸ್ಸು, ಬಾಡಿಗೆ ಕಾರು ಯಾವುದೂ ಬೇಡ. ಹಸಿರು ಬಣ್ಣದ ಯು4 ಮೆಟ್ರೊದಲ್ಲಿ ಹೋಗಿ, ಡಿ ಟ್ರಾಮ್‌ನಲ್ಲಿ ವಾಪಸ್ ಬಂದರೆ ಅರಮನೆ, ಮ್ಯೂಸಿಯಂ, ಸಂಗೀತಗಾರನ ಮನೆ, ತೋಟ ಎಲ್ಲವೂ ಒಂದೇ ದಿನದಲ್ಲಿ ಮುಗಿಯುತ್ತವೆ.

ಮೊದಲು ದಿನ ಗೊತ್ತು ಮಾಡಿ

ಸೋಮವಾರ ಬೇಡ. ಅಲ್ಲಿ ಅನೇಕ ಮ್ಯೂಸಿಯಂಗಳಿಗೆ ಅಂದು ರಜೆ. ಚಿಕ್ಕ ಮನೆ-ಮ್ಯೂಸಿಯಂಗಳಂತೂ ಬಾಗಿಲು ತೆರೆಯುವುದೇ ಇಲ್ಲ. ನಾನೂ ಒಮ್ಮೆ ಬೀಗ ನೋಡಿ ವಾಪಸ್ ಬಂದವನೇ. ತೋಟಕ್ಕೆ ಒಳ್ಳೆಯ ಕಾಲ ಸೆಪ್ಟೆಂಬರ್, ಅಕ್ಟೋಬರ್. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಆಗ ಗುಡ್ಡ ಹತ್ತಿ ಏನು ನೋಡುತ್ತೀರಿ?

ಮೆಟ್ರೊ, ಬಸ್ಸು, ಟ್ರಾಮ್ ಎಲ್ಲಕ್ಕೂ ನಡೆಯುವ ದಿನದ ಟಿಕೆಟ್ ಕೊಳ್ಳಿ. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು. ಸ್ಟೇಷನ್‌ನಲ್ಲಿ ಗೇಟ್ ಇಲ್ಲ, ಯಾರೂ ಕೇಳುವುದಿಲ್ಲ ಅಂತ ಸುಮ್ನೆ ಹತ್ತಬೇಡಿ. ಮಾಮೂಲಿ ಬಟ್ಟೆಯಲ್ಲಿ ತಪಾಸಣೆಯವರು ಬರುತ್ತಾರೆ.

ಬೆಳಿಗ್ಗೆ ಅರಮನೆ

ಯು4ನಲ್ಲಿ ಶೋನ್‌ಬ್ರುನ್ ಸ್ಟೇಷನ್‌ನಲ್ಲಿ ಇಳಿಯಿರಿ. ಆಸ್ಟ್ರಿಯಾವನ್ನು ಆಳಿದ ಹಾಬ್ಸ್‌ಬರ್ಗ್ ಮನೆತನದ ಬೇಸಿಗೆ ಅರಮನೆ ಇದು. ಟಿಕೆಟ್ ಮೇಲೆ ಒಳಗೆ ಬಿಡುವ ಸಮಯ ಅಚ್ಚಾಗಿರುತ್ತದೆ. ಹಾಗಾಗಿ ಆನ್‌ಲೈನ್‌ನಲ್ಲೇ ಬೆಳಗಿನ ಮೊದಲ ಸಮಯ ಹಿಡಿಯಿರಿ. ಇರುವ ಕೋಣೆಗಳು 1,441, ತೋರಿಸುವುದು ಸುಮಾರು 40. ನನ್ನನ್ನು ಕೇಳಿದರೆ ಅಷ್ಟೇ ಜಾಸ್ತಿ! ಗೋಡೆಯ ಮೇಲಿನ ಚಿನ್ನದ ಬಳ್ಳಿಯ ಚಿತ್ತಾರ ನೋಡಿ ನೋಡಿ ಕಣ್ಣು ಸೋಲುತ್ತದೆ. ಎರಡು ಕಡೆ ಮಾತ್ರ ನಿಧಾನಿಸಿ. ಒಂದು, ಚಕ್ರವರ್ತಿ ಫ್ರಾಂಜ್ ಜೋಸೆಫ್ ಮಲಗುತ್ತಿದ್ದ ಸಾದಾ ಕಬ್ಬಿಣದ ಮಂಚ. 1830ರಲ್ಲಿ ಆತ ಹುಟ್ಟಿದ್ದು, 1916ರಲ್ಲಿ ತೀರಿಕೊಂಡಿದ್ದು ಎರಡೂ ಇದೇ ಅರಮನೆಯಲ್ಲಿ. ಇನ್ನೊಂದು ಕನ್ನಡಿ ಕೋಣೆ. ಆರು ವರ್ಷದ ಬಾಲ ಸಂಗೀತಗಾರ ಮೊಜಾರ್ಟ್ 1762ರಲ್ಲಿ ರಾಣಿ ಮರಿಯಾ ತೆರೇಸಾ ಎದುರು ನುಡಿಸಿದ್ದು ಅಲ್ಲೇ ಎನ್ನುತ್ತಾರೆ. ಹಿಂದಿನ ದೊಡ್ಡ ಉದ್ಯಾನಕ್ಕೆ ದುಡ್ಡಿಲ್ಲ.

ಮತ್ತೆ ಯು4. ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ ಇಳಿದರೆ ವಿಯೆನ್ನಾ ನಗರದ್ದೇ ಮ್ಯೂಸಿಯಂ ಇದೆ. 2023ರ ಡಿಸೆಂಬರ್‌ನಲ್ಲಿ ಹೊಸದಾಗಿ ತೆರೆದ ಮೇಲೆ ಅದರ ಕಾಯಂ ಪ್ರದರ್ಶನ ಉಚಿತ. ಊರಿನ ಕಥೆ ಸ್ವಲ್ಪ ತಿಳಿದುಕೊಳ್ಳಲು ಒಂದು ಗಂಟೆ ಸಾಕು.

ಮಧ್ಯಾಹ್ನ ಬೀಥೋವನ್ ಮನೆ

ಯು4ರ ಕೊನೆಯ ಸ್ಟೇಷನ್ ಹೈಲಿಗೆನ್‌ಷ್ಟಾಟ್. ಅಲ್ಲಿಂದ ನಡೆದೋ 38ಎ ಬಸ್ ಹಿಡಿದೋ ಪ್ರೊಬುಸ್‌ಗಾಸೆ ಎಂಬ ಬೀದಿಗೆ ಹೋಗಿ. ಆರನೇ ನಂಬರಿನ ಮನೆ ಈಗ ಸಂಗೀತಗಾರ ಬೀಥೋವನ್‌ನ ಮ್ಯೂಸಿಯಂ. ಇಡೀ ದಿನದಲ್ಲಿ ಒಂದೇ ಜಾಗ ನೋಡುತ್ತೀರಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಕಿವಿ ಮಂದವಾಗುತ್ತಾ ಬಂದಾಗ, ಹಳ್ಳಿಯ ಗಾಳಿಗೆ ಗುಣವಾಗಬಹುದು ಅಂತ ಬೀಥೋವನ್ 1802ರಲ್ಲಿ ಈ ಊರಿಗೆ ಬಂದ. ಆಗ ಇದು ವಿಯೆನ್ನಾ ಹೊರಗಿನ ಹಳ್ಳಿ. ಗುಣವಾಗಲಿಲ್ಲ. ಅಕ್ಟೋಬರ್‌ನಲ್ಲಿ ತಮ್ಮಂದಿರಿಗೆ ಒಂದು ಕಾಗದ ಬರೆದ. ಎದುರಿನವರಿಗೆ ಜೋರಾಗಿ ಮಾತಾಡಿ, ನನಗೆ ಕಿವಿ ಕೇಳಿಸದು ಎಂದು ಹೇಳಲಾರದ ಸಂಕಟ ಅದರಲ್ಲಿದೆ. ಆ ಕಾಗದವನ್ನು ಕಳಿಸಲೇ ಇಲ್ಲ. 1827ರಲ್ಲಿ ಆತ ತೀರಿಕೊಂಡ ಮೇಲೆ ಅದು ಸಿಕ್ಕಿತು. ಬರೆದಾಗ ವಯಸ್ಸು 31. ಹೆಸರಾದ ಸಿಂಫನಿಗಳೆಲ್ಲ ಬಂದದ್ದು ಆಮೇಲೆ, ಗೊತ್ತಲ್ವಾ?

ಗುಡ್ಡಕ್ಕೆ ಬಸ್ಸು, ಇಳಿಯಲು ಕಾಲು

ಅದೇ 38ಎ ಬಸ್ 484 ಮೀಟರ್ ಎತ್ತರದ ಕಾಲೆನ್‌ಬರ್ಗ್ ಗುಡ್ಡಕ್ಕೂ ಹೋಗುತ್ತದೆ. 1683ರಲ್ಲಿ ಆಟೋಮನ್ ಸೇನೆ ನಗರವನ್ನು ಮುತ್ತಿದಾಗ ಪೋಲೆಂಡಿನ ರಾಜ ಸೊಬಿಯೆಸ್ಕಿಯ ಪಡೆ ಇಳಿದು ಬಂದದ್ದು ಈ ಬೆಟ್ಟಸಾಲಿನಿಂದಲೇ. ಅವರ ಹಾಗೆ ನೀವೂ ಇಳಿಯಿರಿ! ನುಸ್‌ಡಾರ್ಫ್ ಕಡೆಗೆ ಬೋರ್ಡ್ ಇರುವ ದಾರಿ ತೋಟಗಳ ನಡುವೆಯೇ ಹಾಯುತ್ತದೆ. ಕೆಳಗೆ ಡ್ಯಾನ್ಯೂಬ್ ಕಾಣುತ್ತದೆ. ದಾರಿ ಎಲ್ಲರದು, ಗೊಂಚಲು ತೋಟದವರದು. ಕೈ ಜೇಬಿನಲ್ಲಿರಲಿ.

ಕೆಳಗೆ ಬರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತದೆ. ಬಾಗಿಲ ಮೇಲೆ ಪೈನ್ ಮರದ ಟೊಂಗೆ ನೇತು ಹಾಕಿದ್ದರೆ ಅದು ಹಾಯ್ರಿಗರ್, ತೋಟದವರೇ ತಮ್ಮ ವೈನ್ ಮಾರುವ ಅಂಗಳ. ಟೊಂಗೆ ಇದ್ದರೆ ಇವತ್ತು ತೆರೆದಿದೆ ಎಂದರ್ಥ. ಹೀಗೆ ಮಾರಲು ಅನುಮತಿ ಕೊಟ್ಟದ್ದು ಚಕ್ರವರ್ತಿ ಎರಡನೇ ಜೋಸೆಫ್, 1784ರಲ್ಲಿ. ಸಾಮಾನ್ಯವಾಗಿ ತಿಂಡಿ ನೀವೇ ಹೋಗಿ ತರಬೇಕು, ಕುಡಿಯುವುದು ಮೇಜಿಗೆ ಬರುತ್ತದೆ. ಕೇಳಬೇಕಾದದ್ದು ಗೆಮಿಶ್ಟರ್ ಸಾಟ್ಸ್: ಕನಿಷ್ಠ ಮೂರು ಬಗೆಯ ದ್ರಾಕ್ಷಿ ಒಂದೇ ತೋಟದಲ್ಲಿ ಬೆಳೆದು, ಒಟ್ಟಿಗೇ ಕೊಯ್ದು, ಒಟ್ಟಿಗೇ ಹಿಂಡಿದ ಬಿಳಿ ವೈನ್. ಅಳತೆ ಎಂಟನೇ ಒಂದು ಲೀಟರ್ ಅಥವಾ ಕಾಲು ಲೀಟರ್. ಕುಡಿಯದವರಿಗೆ ದ್ರಾಕ್ಷಿ ರಸ ಇದೆ. ಬ್ರೆಡ್ಡಿಗೆ ಹಚ್ಚಿಕೊಳ್ಳಲು ಲಿಪ್ಟಾವರ್ ಎಂಬ ಖಾರಪುಡಿ ಬೆರೆಸಿದ ಗಿಣ್ಣಿನ ಮಿಶ್ರಣವೂ ಸಿಗುತ್ತದೆ.

ವಾಪಸ್ ಬರಲು ನುಸ್‌ಡಾರ್ಫ್‌ನಲ್ಲೇ ಡಿ ಟ್ರಾಮ್ ಹತ್ತಿ. ಅದು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1891ರಿಂದ 1938ರವರೆಗೆ ಇದ್ದ ಮನೆಯ ಹತ್ತಿರ ಹಾದು ಹೋಗುತ್ತದೆ. ಮರುದಿನಕ್ಕೆ ಅದನ್ನು ಇಟ್ಟುಕೊಳ್ಳಿ, ಆದರೆ ಆತ ರೋಗಿಗಳನ್ನು ಮಲಗಿಸಿ ಮಾತಾಡಿಸುತ್ತಿದ್ದ ಆ ಪ್ರಸಿದ್ಧ ಸೋಫಾ ಅಲ್ಲಿಲ್ಲ, ಲಂಡನ್‌ನಲ್ಲಿದೆ. ಗುರುವಾರವಾದರೆ ಬುರ್ಗ್‌ರಿಂಗ್‌ನಲ್ಲಿ ಇಳಿಯಿರಿ. ಬ್ರೂಗಲ್‌ನ ಚಿತ್ರಗಳಿರುವ ಕಲಾ ಇತಿಹಾಸ ಮ್ಯೂಸಿಯಂ ಅಂದು ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ.

ಇನ್ನೊಂದು ಮಾತು. ಶರತ್ಕಾಲದಲ್ಲಿ ಸ್ಟುರ್ಮ್ ಎಂಬ ಅರೆ ಹುದುಗಿದ ಸಿಹಿ ವೈನ್ ಸಿಗುತ್ತದೆ. ಅದು ಬಾಟಲಿಯೊಳಗೆ ಇನ್ನೂ ಹುದುಗುತ್ತಲೇ ಇರುತ್ತದೆ, ಅದಕ್ಕೇ ಮುಚ್ಚಳ ಬಿಗಿಯಾಗಿರುವುದಿಲ್ಲ. ಟ್ರಾಮ್‌ನಲ್ಲಿ ಬಾಟಲಿಯನ್ನು ಚೀಲದಲ್ಲಿ ಮಲಗಿಸದೆ, ನೆಟ್ಟಗೆ ಕೈಯಲ್ಲೇ ಹಿಡಿದುಕೊಳ್ಳಿ.